ಕ್ಯಾನ್ಸರ್ ಸ್ಕ್ರೀನಿಂಗ್‌ಗೆ ದುಡ್ಡು ಕಟ್ಟುವ ಮುನ್ನ

‘ಬೇಗ ಪತ್ತೆಯಾದರೆ ವಾಸಿಯಾಗುತ್ತದೆ’ ಎಂಬ ಮಾತನ್ನು ಕೇಳದವರಿಲ್ಲ. ಮಾತು ಸುಳ್ಳಲ್ಲ. ಆದರೆ ಎಲ್ಲ ಕ್ಯಾನ್ಸರ್‌ಗೂ, ಎಲ್ಲ ಪರೀಕ್ಷೆಗೂ, ಎಲ್ಲ ವಯಸ್ಸಿನವರಿಗೂ ಅದು ಒಂದೇ ಸಮ ನಿಜವಲ್ಲ. ಈ ಒಂದು ಮಾತಿನ ಬಲದ ಮೇಲೆ ಹತ್ತಾರು ಪರೀಕ್ಷೆಗಳನ್ನು ಒಟ್ಟುಗೂಡಿಸಿದ ಪ್ಯಾಕೇಜ್‌ಗಳು ಮಾರಾಟವಾಗುತ್ತವೆ. ಅದರಲ್ಲಿ ನಿಮಗೆ ನಿಜವಾಗಿ ಬೇಕಾದದ್ದು ಎರಡೋ ಮೂರೋ ಇರುತ್ತವೆ, ಕೆಲವೊಮ್ಮೆ ಒಂದೂ ಇರುವುದಿಲ್ಲ. ಪರೀಕ್ಷೆಯ ಶುಲ್ಕ ಎಷ್ಟು ಎಂಬುದು ಜಾಹೀರಾತಿನಲ್ಲೇ ಇರುತ್ತದೆ. ಫಲಿತಾಂಶ ಅನುಮಾನಾಸ್ಪದವಾಗಿ ಬಂದರೆ ಮುಂದಿನ ಖರ್ಚು ಎಷ್ಟು, ಅಷ್ಟೆಲ್ಲ ಮಾಡಿ ನಿಮಗೆ ದಕ್ಕುವುದು ಏನು ಎಂಬುದು ಅಲ್ಲಿರುವುದಿಲ್ಲ. ಆ ಲೆಕ್ಕವನ್ನು ನೀವೇ ಹಾಕಿಕೊಳ್ಳುವುದು ಹೇಗೆ ಎಂದು ಇಲ್ಲಿ ನೋಡೋಣ.

ಮೊದಲು: ನಿಮಗೆ ಬೇಕಾದದ್ದು ಸ್ಕ್ರೀನಿಂಗೇ ಹೌದೇ?

ಸ್ಕ್ರೀನಿಂಗ್ ಎಂದರೆ ಯಾವ ತೊಂದರೆಯೂ ಇಲ್ಲದ ಆರೋಗ್ಯವಂತರು ಮಾಡಿಸಿಕೊಳ್ಳುವ ಪರೀಕ್ಷೆ. ಸ್ತನದಲ್ಲಿ ಹೊಸ ಗಂಟು, ಮಲದಲ್ಲಿ ರಕ್ತ, ಮುಟ್ಟು ನಿಂತ ಮೇಲೆ ರಕ್ತಸ್ರಾವ, ಮೂರು ವಾರವಾದರೂ ಮಾಯದ ಬಾಯಿಹುಣ್ಣು, ಕೆಮ್ಮಿದಾಗ ರಕ್ತ, ಕಾರಣ ತಿಳಿಯದೆ ಇಳಿಯುತ್ತಿರುವ ತೂಕ, ಇವುಗಳಲ್ಲಿ ಯಾವುದಾದರೂ ಇದ್ದರೆ ಈ ಲೇಖನವನ್ನು ಇಲ್ಲಿಗೇ ಬಿಟ್ಟು ವೈದ್ಯರ ಹತ್ತಿರ ಹೋಗಿ. ಅದು ಸ್ಕ್ರೀನಿಂಗ್ ಅಲ್ಲ, ರೋಗನಿರ್ಣಯ; ಅದಕ್ಕೆ ಬೇಕಾದ ಪರೀಕ್ಷೆಗಳೇ ಬೇರೆ. ಲಕ್ಷಣವಿರುವವರು ಪ್ಯಾಕೇಜ್ ಮಾಡಿಸಿ, ‘ಎಲ್ಲ ನಾರ್ಮಲ್’ ಎಂಬ ರಿಪೋರ್ಟ್ ಹಿಡಿದು ಆರು ತಿಂಗಳು ಸುಮ್ಮನಿದ್ದುಬಿಡುವುದು ಎಲ್ಲಕ್ಕಿಂತ ದುಬಾರಿ ತಪ್ಪು.

ಎರಡನೆಯದು: ನಿಮ್ಮ ಅಪಾಯ ಎಷ್ಟೆಂದು ಕಾಗದದ ಮೇಲೆ ಬರೆಯಿರಿ

ಒಂದೇ ಪರೀಕ್ಷೆ ಒಬ್ಬರಿಗೆ ಜೀವ ಉಳಿಸುವಂಥದ್ದಾಗಬಹುದು, ಇನ್ನೊಬ್ಬರಿಗೆ ದುಡ್ಡು ದಂಡವಾಗಬಹುದು. ವ್ಯತ್ಯಾಸ ಇರುವುದು ಯಂತ್ರದಲ್ಲಲ್ಲ, ಅದರ ಮುಂದೆ ನಿಂತವರಲ್ಲಿ. ಆದ್ದರಿಂದ ಲ್ಯಾಬ್‌ನ ದರಪಟ್ಟಿ ನೋಡುವ ಮೊದಲು ಅರ್ಧ ಗಂಟೆ ಕೂತು ಇಷ್ಟನ್ನು ಬರೆದುಕೊಳ್ಳಿ.

ವಯಸ್ಸು ಮತ್ತು ಲಿಂಗ. ಹೆತ್ತವರು, ಒಡಹುಟ್ಟಿದವರು, ಮಕ್ಕಳಲ್ಲಿ ಯಾರಿಗೆ ಯಾವ ಕ್ಯಾನ್ಸರ್, ಯಾವ ವಯಸ್ಸಿನಲ್ಲಿ ಬಂತು. ನಂತರ ಅಜ್ಜ, ಅಜ್ಜಿ, ಚಿಕ್ಕಪ್ಪ, ಸೋದರಮಾವ, ಅತ್ತೆ, ಚಿಕ್ಕಮ್ಮ. ಅಮ್ಮನ ಕಡೆಯಷ್ಟೇ ಅಪ್ಪನ ಕಡೆಯೂ ಮುಖ್ಯ. ಸ್ತನ ಕ್ಯಾನ್ಸರ್‌ಗೆ ಸಂಬಂಧಿಸಿದ ವಂಶವಾಹಿ ದೋಷ ತಂದೆಯಿಂದಲೂ ಬರುತ್ತದೆ ಎಂಬುದನ್ನು ಬಹಳ ಮಂದಿ ಮರೆಯುತ್ತಾರೆ. ಬಿಆರ್‌ಸಿಎ1 ಅಥವಾ ಬಿಆರ್‌ಸಿಎ2 ಎಂಬ ವಂಶವಾಹಿಯಲ್ಲಿ ದೋಷವಿರುವ ಮಹಿಳೆಗೆ ಜೀವಮಾನದಲ್ಲಿ ಸ್ತನ ಕ್ಯಾನ್ಸರ್ ಬರುವ ಸಾಧ್ಯತೆ ಶೇ. 60ಕ್ಕೂ ಹೆಚ್ಚು. ಅಮೆರಿಕದ ಸಾಮಾನ್ಯ ಮಹಿಳೆಗೆ ಅದು ಸುಮಾರು ಶೇ. 13. ಇಂಥ ಕುಟುಂಬದವರಿಗೆ ಎಲ್ಲರಿಗೂ ಅನ್ವಯಿಸುವ ವೇಳಾಪಟ್ಟಿ ಸಾಲದು. ಅವರು ವಂಶವಾಹಿ ಸಲಹೆಗಾರರನ್ನು ನೋಡಿ, ಎಂಆರ್‌ಐ ಸೇರಿದ ಬೇರೆಯದೇ ಯೋಜನೆ ಮಾಡಿಕೊಳ್ಳಬೇಕಾಗುತ್ತದೆ. ಲಿಂಚ್ ಸಿಂಡ್ರೋಮ್ (ದೊಡ್ಡ ಕರುಳಿನ ಕ್ಯಾನ್ಸರ್ ಅಪಾಯವನ್ನು ಹೆಚ್ಚಿಸುವ ವಂಶವಾಹಿ ದೋಷ) ಇರುವ ಕುಟುಂಬಗಳಲ್ಲಿ ಕೊಲೊನೊಸ್ಕೋಪಿಯನ್ನು, ಅಂದರೆ ಕ್ಯಾಮೆರಾ ಇರುವ ನಳಿಕೆಯಿಂದ ದೊಡ್ಡ ಕರುಳನ್ನು ಒಳಗಿನಿಂದ ನೋಡುವ ಪರೀಕ್ಷೆಯನ್ನು, 20ರಿಂದ 25ರ ಹರೆಯದಲ್ಲೇ ಶುರುಮಾಡಿ, ಒಂದೆರಡು ವರ್ಷಕ್ಕೊಮ್ಮೆ ಮಾಡುತ್ತಾರೆ. ಅಷ್ಟು ತೀವ್ರವಲ್ಲದಿದ್ದರೂ, ತಂದೆಗೋ ತಾಯಿಗೋ 60ರೊಳಗೆ ದೊಡ್ಡ ಕರುಳಿನ ಕ್ಯಾನ್ಸರ್ ಬಂದಿದ್ದರೆ 40ಕ್ಕೆ, ಇಲ್ಲವೇ ಅವರಿಗೆ ಬಂದ ವಯಸ್ಸಿಗಿಂತ 10 ವರ್ಷ ಮುಂಚೆ, ಎರಡರಲ್ಲಿ ಯಾವುದು ಮೊದಲೋ ಆಗ ಆರಂಭಿಸುವುದು ರೂಢಿ.

ಮುಂದೆ ತಂಬಾಕು. ದಿನಕ್ಕೆ ಎಷ್ಟು ಪ್ಯಾಕ್, ಎಷ್ಟು ವರ್ಷ ಎಂದು ಗುಣಿಸಿ: 20 ಸಿಗರೇಟಿನ ಒಂದು ಪ್ಯಾಕನ್ನು ದಿನವೂ 20 ವರ್ಷ ಸೇದಿದ್ದರೆ 20 ಪ್ಯಾಕ್-ವರ್ಷ, ಅರ್ಧ ಪ್ಯಾಕ್ ಆದರೆ ಅಷ್ಟೇ ಅವಧಿಗೆ 10. ಶ್ವಾಸಕೋಶದ ಸ್ಕ್ರೀನಿಂಗ್ ನಿಮಗೆ ಬೇಕೋ ಬೇಡವೋ ಎಂಬುದು ನಿಂತಿರುವುದು ಈ ಸಂಖ್ಯೆಯ ಮೇಲೆ. ಜಗಿಯುವ ತಂಬಾಕು, ಅಡಿಕೆ, ಮದ್ಯವಿದ್ದರೆ ಬರೆಯಿರಿ, ಅವು ಬಾಯಿಯ ಕ್ಯಾನ್ಸರ್ ಲೆಕ್ಕಕ್ಕೆ. ಹೆಪಟೈಟಿಸ್ ಬಿ ಅಥವಾ ಸಿ, ಲಿವರ್ ಸಿರೋಸಿಸ್, ಎಚ್‌ಐವಿ, ಚಿಕ್ಕಂದಿನಲ್ಲಿ ಎದೆಗೆ ರೇಡಿಯೋಥೆರಪಿ, ಹಿಂದೆ ತೆಗೆಸಿದ ಪಾಲಿಪ್ (ಕರುಳಿನ ಒಳಗೋಡೆಯ ಸಣ್ಣ ಗಂಟು), ಇವೂ ಇರಲಿ. ಸಿರೋಸಿಸ್ ಇರುವವರಿಗೆ ಆರು ತಿಂಗಳಿಗೊಮ್ಮೆ ಲಿವರ್ ಅಲ್ಟ್ರಾಸೌಂಡ್ ಮಾಡುವುದು ಚಿಕಿತ್ಸೆಯ ಭಾಗವೇ, ಅವರ ಮಟ್ಟಿಗೆ ಅದನ್ನು ಬೇಕೋ ಬೇಡವೋ ಎಂದು ತೂಗುತ್ತ ಕೂರಬಾರದು.

ಮೂರನೆಯದು: ಪರೀಕ್ಷೆಯನ್ನು ಒಂದೇ ಪ್ರಶ್ನೆಯಿಂದ ಅಳೆಯಿರಿ

ಆ ಪ್ರಶ್ನೆ ‘ಇದರಿಂದ ಕ್ಯಾನ್ಸರ್ ಸಿಗುತ್ತದೆಯೇ?’ ಎಂಬುದಲ್ಲ. ಹುಡುಕಿದರೆ ಏನಾದರೂ ಸಿಕ್ಕೇ ಸಿಗುತ್ತದೆ. ‘ಇದನ್ನು ಮಾಡಿಸಿಕೊಂಡವರಲ್ಲಿ ಆ ಕ್ಯಾನ್ಸರ್‌ನಿಂದ ಸಾಯುವವರು ಕಡಿಮೆಯಾದರೇ?’ ಎಂದು ಕೇಳಿ. ಈ ಪ್ರಶ್ನೆಗೆ ಹೌದು ಎನ್ನುವ ಪರೀಕ್ಷೆಗಳು ಕೈಬೆರಳೆಣಿಕೆಯಷ್ಟು.

ಮೊದಲ ಸಾಲಿನಲ್ಲಿ ನಿಲ್ಲುವವು ಗರ್ಭಕಂಠ ಮತ್ತು ದೊಡ್ಡ ಕರುಳಿನ ಪರೀಕ್ಷೆಗಳು. ಕಾರಣ ಸರಳ. ಇವೆರಡರಲ್ಲೂ ಕ್ಯಾನ್ಸರ್ ಆಗುವ ಮೊದಲಿನ ಹಂತವೇ ಕೈಗೆ ಸಿಗುತ್ತದೆ, ಅಲ್ಲೇ ತೆಗೆದುಹಾಕಬಹುದು. ಗರ್ಭಕಂಠದ ಕ್ಯಾನ್ಸರ್‌ಗೆ ಕಾರಣವಾಗುವ ವೈರಸ್ ಎಚ್‌ಪಿವಿ; ಅದರ ಸೋಂಕು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15ರಿಂದ 20 ವರ್ಷ ಬೇಕು. ಕರುಳಿನ ಪಾಲಿಪ್ ಕ್ಯಾನ್ಸರ್ ಆಗಲು ಸುಮಾರು 10 ವರ್ಷ. ಇಷ್ಟು ದೊಡ್ಡ ಕಿಂಡಿ ಬೇರೆ ಯಾವ ಕ್ಯಾನ್ಸರ್‌ನಲ್ಲೂ ಸುಲಭವಾಗಿ ಸಿಗುವುದಿಲ್ಲ. ಮಹಾರಾಷ್ಟ್ರದ ಉಸ್ಮಾನಾಬಾದ್ ಜಿಲ್ಲೆಯಲ್ಲಿ 30ರಿಂದ 59ರ ವಯಸ್ಸಿನ 1,31,746 ಮಹಿಳೆಯರ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎಚ್‌ಪಿವಿ ಪರೀಕ್ಷೆಯನ್ನು ಒಂದೇ ಒಂದು ಸಲ ಮಾಡಿದ ಗುಂಪಿನಲ್ಲಿ ಗರ್ಭಕಂಠ ಕ್ಯಾನ್ಸರ್ ಸಾವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಕೊಟ್ಟ ಸಲಹೆಯಂತೆ 30 ವರ್ಷದಿಂದ, 5ರಿಂದ 10 ವರ್ಷಕ್ಕೊಮ್ಮೆ ಎಚ್‌ಪಿವಿ ಪರೀಕ್ಷೆ ಸಾಕು. ಎಚ್‌ಐವಿ ಇರುವವರಿಗೆ 25ರಿಂದ, 3ರಿಂದ 5 ವರ್ಷಕ್ಕೊಮ್ಮೆ. ಖರ್ಚು ಮತ್ತು ಪ್ರಯೋಜನವನ್ನು ತಕ್ಕಡಿಗೆ ಹಾಕಿದರೆ ಇದಕ್ಕೆ ಸರಿಸಾಟಿಯಾದದ್ದು ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಆದರೂ ಪ್ಯಾಕೇಜ್‌ಗಳಲ್ಲಿ ಹೆಚ್ಚಾಗಿ ಇದೊಂದೇ ಇರುವುದಿಲ್ಲ!

ದೊಡ್ಡ ಕರುಳಿಗೆ ಎರಡು ದಾರಿ. ಮಲದಲ್ಲಿ ಕಣ್ಣಿಗೆ ಕಾಣದ ರಕ್ತವನ್ನು ಹುಡುಕುವ ಫಿಟ್ ಪರೀಕ್ಷೆ ಅಗ್ಗ, ಮನೆಯಲ್ಲೇ ಮಾದರಿ ತೆಗೆದು ಕೊಡಬಹುದು, ಆದರೆ ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಮಾಡುತ್ತಲೇ ಇರಬೇಕು. ಕೊಲೊನೊಸ್ಕೋಪಿ ದುಬಾರಿ, ಹಿಂದಿನ ದಿನ ಕರುಳು ಖಾಲಿ ಮಾಡಿಸುವ ಕಷ್ಟ ಬೇರೆ, ಆದರೆ ಎಲ್ಲ ಸರಿ ಇದ್ದರೆ 10 ವರ್ಷ ಆ ಕಡೆ ತಿರುಗಿ ನೋಡಬೇಕಿಲ್ಲ. ಯಾರಿಗೆ ಯಾವ ಸ್ಕ್ರೀನಿಂಗ್ ಬೇಕೆಂದು ಸಲಹೆ ಕೊಡುವ ಅಮೆರಿಕದ ತಜ್ಞರ ಸಮಿತಿ ಪ್ರಿವೆಂಟಿವ್ ಸರ್ವಿಸಸ್ ಟಾಸ್ಕ್ ಫೋರ್ಸ್ ದೊಡ್ಡ ಕರುಳಿನ ಸ್ಕ್ರೀನಿಂಗನ್ನು 45ರಿಂದ 75ರವರೆಗೆ ಶಿಫಾರಸು ಮಾಡುತ್ತದೆ.

ಸ್ತನದ ಎಕ್ಸ್‌ರೇಯಾದ ಮ್ಯಾಮೋಗ್ರಾಮ್‌ನಿಂದ ಪ್ರಯೋಜನವಿದೆ, ಬೆಲೆಯೂ ಇದೆ. ಅದನ್ನು ಮುಂದೆ ಬಿಡಿಸಿ ಹೇಳುತ್ತೇನೆ. ಟಾಸ್ಕ್ ಫೋರ್ಸ್‌ನ 2024ರ ಸಲಹೆ 40ರಿಂದ 74ರವರೆಗೆ ಎರಡು ವರ್ಷಕ್ಕೊಮ್ಮೆ. ಶ್ವಾಸಕೋಶದ ಕಡಿಮೆ ವಿಕಿರಣದ ಸಿಟಿ ಸ್ಕ್ಯಾನ್ ಧೂಮಪಾನಿಗಳಿಗೆ ಮಾತ್ರ: 50ರಿಂದ 80 ವರ್ಷ, 20 ಪ್ಯಾಕ್-ವರ್ಷ ದಾಟಿರಬೇಕು, ಈಗಲೂ ಸೇದುತ್ತಿರಬೇಕು ಅಥವಾ ಬಿಟ್ಟು 15 ವರ್ಷದೊಳಗಿರಬೇಕು. ಸೇದದವರಿಗೆ ಅದೇ ಸ್ಕ್ಯಾನ್‌ನಿಂದ ಸಿಗುವುದು ಬಹುತೇಕ ಚಿಂತೆಯೇ. ತಂಬಾಕು, ಮದ್ಯ ಬಳಸುವವರ ಬಾಯಿಯನ್ನು ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಬರೀ ಬೆಳಕು ಹಿಡಿದು ಪರೀಕ್ಷಿಸಿದ ಕೇರಳದ ಅಧ್ಯಯನದಲ್ಲಿ, ಆ ಗುಂಪಿನ ಬಾಯಿ ಕ್ಯಾನ್ಸರ್ ಸಾವು ಸುಮಾರು ಮೂರನೇ ಒಂದು ಭಾಗ ತಗ್ಗಿತು. ಪರೀಕ್ಷೆಯ ಬೆಲೆಗೂ ಅದರ ಮೌಲ್ಯಕ್ಕೂ ಸಂಬಂಧವಿರಲೇಬೇಕೆಂದಿಲ್ಲ ಎನ್ನುವುದಕ್ಕೆ ಇದಕ್ಕಿಂತ ನೇರವಾದ ಪುರಾವೆ ಬೇಡ.

ಪ್ರಾಸ್ಟೇಟ್‌ನ (ಗಂಡಸರ ಮೂತ್ರಕೋಶದ ಕೆಳಗಿನ ಗ್ರಂಥಿ) ಪಿಎಸ್‌ಎ ಎಂಬ ರಕ್ತ ಪರೀಕ್ಷೆ ನಡುವಿನದು. 55ರಿಂದ 69ರ ಗಂಡಸರು ವೈದ್ಯರೊಂದಿಗೆ ಮಾತಾಡಿ ತಾವೇ ನಿರ್ಧರಿಸಬೇಕು, 70ರ ಮೇಲೆ ಬೇಡ ಎನ್ನುತ್ತದೆ ಟಾಸ್ಕ್ ಫೋರ್ಸ್.

ಇನ್ನು ಲಕ್ಷಣವಿಲ್ಲದ, ವಂಶದ ಅಪಾಯವೂ ಇಲ್ಲದ ಸಾಮಾನ್ಯರಿಗೆ ಬೇಡವೆಂದೇ ಹೇಳಿರುವವು: ಅಂಡಾಶಯ, ಥೈರಾಯ್ಡ್, ಮೇದೋಜೀರಕ ಗ್ರಂಥಿ. ಅಂಡಾಶಯಕ್ಕಾಗಿ ಸಿಎ-125 ರಕ್ತ ಪರೀಕ್ಷೆ ಮತ್ತು ಅಲ್ಟ್ರಾಸೌಂಡ್ ಮಾಡುವುದು ಪ್ಯಾಕೇಜ್‌ಗಳ ಅಚ್ಚುಮೆಚ್ಚಿನ ಸಂಗತಿ. ಬ್ರಿಟನ್ನಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮಹಿಳೆಯರ ಮೇಲೆ ಇದನ್ನು ವರ್ಷಗಟ್ಟಲೆ ಪರೀಕ್ಷಿಸಿ 2021ರಲ್ಲಿ ಫಲಿತಾಂಶ ಕೊಟ್ಟರು: ಸಾವು ಕಡಿಮೆಯಾಗಲಿಲ್ಲ. ಅಮೆರಿಕದ ಇನ್ನೊಂದು ಅಧ್ಯಯನದಲ್ಲಿ 3,285 ಮಹಿಳೆಯರಿಗೆ ಸುಳ್ಳು ಪಾಸಿಟಿವ್ (ರೋಗವಿಲ್ಲದಿದ್ದರೂ ಇರಬಹುದು ಎಂಬ ಫಲಿತಾಂಶ) ಬಂತು, ಅವರಲ್ಲಿ 1,080 ಮಂದಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಕ್ಯಾನ್ಸರ್ ಇರಲೇ ಇಲ್ಲ. ಸಿಎ-125 ಮುಟ್ಟಿನ ದಿನಗಳಲ್ಲೂ, ಗರ್ಭಿಣಿಯರಲ್ಲೂ, ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ ಬೆಳೆಯುವ ಎಂಡೊಮೆಟ್ರಿಯೋಸಿಸ್‌ನಲ್ಲೂ ಏರುತ್ತದೆ. ಪ್ಯಾಕೇಜ್‌ಗಳ ಇನ್ನೊಂದು ರಕ್ತ ಪರೀಕ್ಷೆಯಾದ ಸಿಇಎ ಧೂಮಪಾನಿಗಳಲ್ಲಿ ಸುಮ್ಮನೆ ಏರಿರುತ್ತದೆ. ಇವು ಕ್ಯಾನ್ಸರ್ ಇದೆ ಎಂದು ಗೊತ್ತಾದವರಲ್ಲಿ ಚಿಕಿತ್ಸೆ ಹೇಗೆ ನಡೆದಿದೆ ಎಂದು ನೋಡಲು ಉಪಯುಕ್ತ, ಆರೋಗ್ಯವಂತರಲ್ಲಿ ಹುಡುಕಲು ಅಲ್ಲ. ಇಡೀ ದೇಹದ ಎಂಆರ್‌ಐ ಕೂಡ ಹೀಗೆಯೇ. ಅಲ್ಲೊಂದು ಸಿಸ್ಟ್, ಇಲ್ಲೊಂದು ಚುಕ್ಕೆ ಸಿಗುತ್ತದೆ, ಪ್ರತಿಯೊಂದಕ್ಕೂ ಇನ್ನೊಂದು ಸ್ಕ್ಯಾನ್, ಕೊನೆಗೆ ಗುಡ್ಡ ಅಗೆದು ಇಲಿ ಹಿಡಿದಂತೆ. ಹಲವು ಕ್ಯಾನ್ಸರ್‌ಗಳನ್ನು ಒಂದೇ ರಕ್ತದ ಮಾದರಿಯಲ್ಲಿ ಹುಡುಕುವ ಹೊಸ ಪರೀಕ್ಷೆಗಳ ಬಗ್ಗೆ ಕುತೂಹಲವೇನೋ ಇದೆ, ಆದರೆ ಅವು ಸಾವನ್ನು ತಗ್ಗಿಸುತ್ತವೆ ಎಂಬುದು ಸಾಬೀತಾಗದೆ ಕೈಯಿಂದ ದುಡ್ಡು ಹಾಕುವುದು ಆತುರವಾದೀತು.

ನಾಲ್ಕನೆಯದು: ಅಂಕಿಗಳನ್ನು ಬಿಡಿಸಿ ನೋಡಿ

‘ಸಾವಿನ ಅಪಾಯ ಶೇ. 20 ಇಳಿಕೆ’ ಎಂದು ಓದಿದಾಗ ನೂರರಲ್ಲಿ ಇಪ್ಪತ್ತು ಜನ ಉಳಿದರು ಎಂದು ಮನಸ್ಸು ತಾನೇ ಅರ್ಥ ಮಾಡಿಕೊಳ್ಳುತ್ತದೆ. ಹಾಗಲ್ಲ. 2011ರಲ್ಲಿ ಪ್ರಕಟವಾದ ಅಮೆರಿಕದ ರಾಷ್ಟ್ರೀಯ ಶ್ವಾಸಕೋಶ ಸ್ಕ್ರೀನಿಂಗ್ ಅಧ್ಯಯನದಲ್ಲಿ 53,000ಕ್ಕೂ ಹೆಚ್ಚು ಭಾರೀ ಧೂಮಪಾನಿಗಳಿದ್ದರು. ಅರ್ಧ ಮಂದಿಗೆ ಸಿಟಿ, ಉಳಿದರ್ಧಕ್ಕೆ ಎದೆಯ ಎಕ್ಸ್‌ರೇ. ಎಕ್ಸ್‌ರೇ ಗುಂಪಿನ ಪ್ರತಿ 1,000 ಜನರಲ್ಲಿ ಶ್ವಾಸಕೋಶ ಕ್ಯಾನ್ಸರ್‌ನಿಂದ ಸತ್ತವರು 21, ಸಿಟಿ ಗುಂಪಿನಲ್ಲಿ 18. ಅಂದರೆ ಸಾವಿರಕ್ಕೆ ಮೂವರು ಉಳಿದರು. ಅದೇ ಸಾವಿರದಲ್ಲಿ 365 ಮಂದಿಗೆ ಸುಳ್ಳು ಎಚ್ಚರಿಕೆ ಬಂತು, ಅವರಲ್ಲಿ 25 ಮಂದಿಗೆ ಅಂಗಾಂಶದ ಚೂರು ತೆಗೆಯುವ ಬಯಾಪ್ಸಿಯಂಥ ದೇಹದೊಳಗೆ ಕೈಹಾಕುವ ಪರೀಕ್ಷೆ ಮಾಡಬೇಕಾಯಿತು, 3 ಮಂದಿಗೆ ಅದರಿಂದ ಗಂಭೀರ ತೊಂದರೆಯಾಯಿತು.

ಇದು ಒಳ್ಳೆಯ ಫಲಿತಾಂಶವೇ. ಸಾವಿರಕ್ಕೆ ಮೂರು ಜೀವ ಸಣ್ಣದಲ್ಲ, ಸ್ಕ್ರೀನಿಂಗ್ ಲೋಕದಲ್ಲಂತೂ ದೊಡ್ಡದು. ನಾನು 20 ಪ್ಯಾಕ್-ವರ್ಷದ ಧೂಮಪಾನಿಯಾಗಿದ್ದರೆ ಮಾಡಿಸಿಕೊಳ್ಳುತ್ತಿದ್ದೆ. ಆದರೆ 3 ಮತ್ತು 365, ಎರಡೂ ಸಂಖ್ಯೆಗಳನ್ನು ಒಟ್ಟಿಗೆ ನೋಡಿ ಮಾಡಿಸಿಕೊಳ್ಳಬೇಕು. ಹೀಗೆ ಯಾವ ಪರೀಕ್ಷೆಯ ಬಗ್ಗೆ ಶೇಕಡಾವಾರು ಹೇಳಿದರೂ ‘ಸಾವಿರ ಜನರಲ್ಲಿ ಎಷ್ಟು?’ ಎಂದು ತಿರುಗಿಸಿ ಕೇಳಿ.

ಎರಡನೇ ಮೋಸ ‘ಐದು ವರ್ಷ ಬದುಕುಳಿಯುವ ಪ್ರಮಾಣ’ದ್ದು. ಒಬ್ಬರಿಗೆ 64ರಲ್ಲಿ ಲಕ್ಷಣ ಕಾಣಿಸಿಕೊಂಡು ಕ್ಯಾನ್ಸರ್ ಗೊತ್ತಾಯಿತು, 67ಕ್ಕೆ ತೀರಿಕೊಂಡರು ಎಂದುಕೊಳ್ಳಿ. ಐದು ವರ್ಷ ಬದುಕಿದವರ ಲೆಕ್ಕದಲ್ಲಿ ಅವರಿಲ್ಲ. ಅದೇ ವ್ಯಕ್ತಿಗೆ 58ರಲ್ಲಿ ಸ್ಕ್ರೀನಿಂಗ್‌ನಲ್ಲಿ ಪತ್ತೆಯಾಗಿ, ಚಿಕಿತ್ಸೆ ಏನೂ ಫಲಿಸದೆ 67ಕ್ಕೇ ತೀರಿಕೊಂಡರೂ ‘ಒಂಬತ್ತು ವರ್ಷ ಬದುಕಿದರು’ ಎಂದಾಗುತ್ತದೆ. ಆಯುಸ್ಸು ಒಂದು ದಿನವೂ ಹೆಚ್ಚಲಿಲ್ಲ, ರೋಗಿ ಎನಿಸಿಕೊಂಡ ವರ್ಷಗಳು ಮಾತ್ರ ಹೆಚ್ಚಿದವು. 2007ರಲ್ಲಿ ನ್ಯೂಯಾರ್ಕ್‌ನ ಮಾಜಿ ಮೇಯರ್ ರೂಡಿ ಜೂಲಿಯಾನಿ ತಮ್ಮ ಚುನಾವಣಾ ಪ್ರಚಾರದಲ್ಲಿ, ಪ್ರಾಸ್ಟೇಟ್ ಕ್ಯಾನ್ಸರ್‌ನಿಂದ ಬದುಕುಳಿಯುವ ಸಾಧ್ಯತೆ ಅಮೆರಿಕದಲ್ಲಿ ಶೇ. 82, ಇಂಗ್ಲೆಂಡಿನಲ್ಲಿ ಬರೀ ಶೇ. 44 ಎಂದು ಹೇಳಿಕೊಂಡಿದ್ದರು. ಆ ಕ್ಯಾನ್ಸರ್‌ನಿಂದ ಸಾಯುವವರ ಪ್ರಮಾಣ ಮಾತ್ರ ಎರಡೂ ದೇಶಗಳಲ್ಲಿ ಹೆಚ್ಚುಕಡಿಮೆ ಒಂದೇ ಆಗಿತ್ತು. ಅಮೆರಿಕದಲ್ಲಿ ಪಿಎಸ್‌ಎ ಬಳಕೆ ಹೆಚ್ಚಿತ್ತು, ಹೆಚ್ಚು ಜನರಿಗೆ ಬೇಗ ಹಣೆಪಟ್ಟಿ ಅಂಟುತ್ತಿತ್ತು. ಹಾಗಾಗಿ ಜಾಹೀರಾತಿನಲ್ಲಿ ಬದುಕುಳಿಯುವ ಪ್ರಮಾಣ ಕಂಡರೆ ಅದನ್ನು ದಾಟಿಕೊಂಡು ಸಾವಿನ ಪ್ರಮಾಣ ಎಲ್ಲಿದೆ ಎಂದು ಹುಡುಕಿ.

ಮೂರನೆಯದು ಪಾಸಿಟಿವ್ ಎಂಬ ಪದ. ಒಂದು ಕಲ್ಪಿತ ಲೆಕ್ಕ ಮಾಡೋಣ. ಸಾವಿರ ಆರೋಗ್ಯವಂತರಲ್ಲಿ 5 ಮಂದಿಗೆ ರೋಗವಿದೆ, ಪರೀಕ್ಷೆ ಅವರಲ್ಲಿ 4 ಮಂದಿಯನ್ನು ಹಿಡಿಯುತ್ತದೆ. ರೋಗವಿಲ್ಲದ 995 ಮಂದಿಯಲ್ಲಿ ಶೇ. 90ರಷ್ಟನ್ನು ಸರಿಯಾಗಿ ‘ಇಲ್ಲ’ ಎನ್ನುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಉಳಿದ ಶೇ. 10 ಎಂದರೆ ಸುಮಾರು 100 ಮಂದಿಗೆ ಸುಳ್ಳು ಪಾಸಿಟಿವ್. ಒಟ್ಟು 104 ಪಾಸಿಟಿವ್‌ಗಳಲ್ಲಿ ನಿಜವಾದವು 4. ರೋಗ ಅಪರೂಪವಾದಷ್ಟೂ ಈ ಲೆಕ್ಕ ಇನ್ನೂ ಕೆಡುತ್ತದೆ. 30ರ ಹರೆಯದವರು ‘ಯಾವುದಕ್ಕೂ ಇರಲಿ’ ಎಂದು ಮಾಡಿಸುವ ಪರೀಕ್ಷೆಗಳು ಏಕೆ ಬರೀ ಗಾಬರಿ ಹುಟ್ಟಿಸುತ್ತವೆ ಎಂಬುದಕ್ಕೆ ಉತ್ತರ ಇಲ್ಲಿದೆ. ಮನೆಯಲ್ಲಿ ಯಾರಿಗಾದರೂ ಸ್ಕ್ರೀನಿಂಗ್ ಪಾಸಿಟಿವ್ ಬಂದಾಗ ಈ ಲೆಕ್ಕ ನೆನಪಿರಲಿ. ಪಾಸಿಟಿವ್ ಎಂದರೆ ಕ್ಯಾನ್ಸರ್ ಎಂದಲ್ಲ, ಮುಂದಿನ ಪರೀಕ್ಷೆ ಬೇಕು ಎಂದಷ್ಟೇ.

ಐದನೆಯದು: ಖರ್ಚಿನ ಪೂರ್ತಿ ಪಟ್ಟಿ

ಈಗ ದುಡ್ಡಿಗೆ ಬರೋಣ. ಸ್ಕ್ರೀನಿಂಗ್ ಪರೀಕ್ಷೆಯ ದರವನ್ನು 1 ಪಾಲು ಎಂದಿಟ್ಟುಕೊಳ್ಳಿ. ಪಾಸಿಟಿವ್ ಬಂದರೆ ಬೇಕಾಗುವ ಮರುಪರೀಕ್ಷೆ, ಸ್ಕ್ಯಾನ್, ಬಯಾಪ್ಸಿ, ತಜ್ಞರ ಶುಲ್ಕ ಎಲ್ಲ ಸೇರಿ 20 ಪಾಲು ಎನ್ನೋಣ. ನೂರಕ್ಕೆ 10 ಮಂದಿಗೆ ಪಾಸಿಟಿವ್ ಬರುವ ಪರೀಕ್ಷೆಯಾದರೆ, ಸರಾಸರಿ ಒಬ್ಬರ ತಲೆಯ ಮೇಲೆ 2 ಪಾಲು ಹೆಚ್ಚುವರಿ ಖರ್ಚು ಕೂತಿದೆ. ಅಲ್ಲಿಗೆ ಪರೀಕ್ಷೆಯ ನಿಜವಾದ ದರ 3 ಪಾಲು. ವರ್ಷ ವರ್ಷ ಮಾಡಿಸಿದರೆ 10 ವರ್ಷಕ್ಕೆ 30. ಸರಾಸರಿ ಎಂದರೆ ಸರಾಸರಿ. ನಿಮಗೆ ಬಂದರೆ ಒಂದೇ ಏಟಿಗೆ 20 ಪಾಲು ಬೇಕು. ಅಷ್ಟು ದುಡ್ಡು ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ಉತ್ತರ ಇಲ್ಲದಿದ್ದರೆ ಆ 1 ಪಾಲನ್ನೂ ಖರ್ಚು ಮಾಡುವುದು ವ್ಯರ್ಥ. ಫಿಟ್ ಪಾಸಿಟಿವ್ ಬಂದು ಕೊಲೊನೊಸ್ಕೋಪಿ ಮಾಡಿಸದೇ ಉಳಿದವರಿಗೆ ಆ ಪರೀಕ್ಷೆಯಿಂದ ಸಿಕ್ಕಿದ್ದು ನಿದ್ದೆ ಬಾರದ ರಾತ್ರಿಗಳು ಮಾತ್ರ, ರಕ್ಷಣೆಯಲ್ಲ.

ಆದ್ದರಿಂದ ಪರೀಕ್ಷೆ ಮಾಡುವ ಕಡೆ ಮೊದಲೇ ಕೇಳಿ ಬರೆದುಕೊಳ್ಳಿ: ಪಾಸಿಟಿವ್ ಬಂದರೆ ಮುಂದಿನ ಪರೀಕ್ಷೆ ಯಾವುದು, ಎಲ್ಲಿ ಮಾಡುತ್ತಾರೆ, ಎಷ್ಟಾಗುತ್ತದೆ. ಅದರ ಜೊತೆಗೆ ಪ್ರಯಾಣ, ಕೆಲಸಕ್ಕೆ ಹಾಕುವ ರಜೆ, ಜೊತೆಗೆ ಬರುವವರ ರಜೆ. ಅರಿವಳಿಕೆ ಕೊಡುವ ಪರೀಕ್ಷೆಗೆ ಒಬ್ಬರೇ ಹೋಗಿ ಬರಲಾಗದು.

ವಿಮೆ ಇದ್ದವರು ಇನ್ನೊಂದು ಗೆರೆ ಗಮನಿಸಬೇಕು. ಸ್ಕ್ರೀನಿಂಗ್ ಎಂದು ಶುರುವಾದದ್ದು ಪಾಸಿಟಿವ್ ಬಂದ ಕ್ಷಣ ರೋಗನಿರ್ಣಯ ಎಂದು ಹೆಸರು ಬದಲಾಯಿಸುತ್ತದೆ, ಬಿಲ್ಲಿನ ನಿಯಮವೂ ಬದಲಾಗುತ್ತದೆ. ಅಮೆರಿಕದಲ್ಲಿ 2010ರ ಕಾನೂನು ಶಿಫಾರಸಾದ ಸ್ಕ್ರೀನಿಂಗ್‌ಗಳನ್ನು ಉಚಿತಗೊಳಿಸಿದರೂ, ಮಲ ಪರೀಕ್ಷೆ ಪಾಸಿಟಿವ್ ಬಂದ ಮೇಲಿನ ಕೊಲೊನೊಸ್ಕೋಪಿಗೆ ಜನ ಕೈಯಿಂದ ಕಟ್ಟುತ್ತಲೇ ಇದ್ದರು. ಅದು ಸರಿಹೋಗಲು ದಶಕಕ್ಕೂ ಹೆಚ್ಚು ಕಾಲ ಹಿಡಿಯಿತು. ನಿಮ್ಮ ಪಾಲಿಸಿಯಲ್ಲಿ ಮರುಪರೀಕ್ಷೆ, ಬಯಾಪ್ಸಿ, ಹೊರರೋಗಿ ವಿಭಾಗದ ಖರ್ಚು ಸೇರಿವೆಯೇ ಎಂದು ಲಿಖಿತವಾಗಿ ಕೇಳಿ. ಹೊಸದಾಗಿ ಆರೋಗ್ಯ ಅಥವಾ ಜೀವವಿಮೆ ಕೊಳ್ಳುವವರಿದ್ದರೆ, ರಿಪೋರ್ಟ್‌ನಲ್ಲಿ ಸಿಕ್ಕ ಸಣ್ಣಪುಟ್ಟ ಗಂಟನ್ನೂ ಅರ್ಜಿಯಲ್ಲಿ ಹೇಳಬೇಕಾಗಿ ಬರಬಹುದು ಎಂಬುದೂ ಗೊತ್ತಿರಲಿ. ಮುಚ್ಚಿಟ್ಟರೆ ಮುಂದೆ ಕ್ಲೇಮ್ ಹೊತ್ತಿನಲ್ಲಿ ತೊಂದರೆ.

ದೇಹಕ್ಕಾಗುವ ಖರ್ಚೂ ಇದೇ ಪಟ್ಟಿಯಲ್ಲಿರಲಿ. ಪ್ರತಿ 10,000 ಸ್ಕ್ರೀನಿಂಗ್ ಕೊಲೊನೊಸ್ಕೋಪಿಗಳಲ್ಲಿ ಸುಮಾರು 3ರಲ್ಲಿ ಕರುಳಿಗೆ ತೂತಾಗುತ್ತದೆ, ಸುಮಾರು 15ರಲ್ಲಿ ಹೆಚ್ಚು ರಕ್ತಸ್ರಾವವಾಗುತ್ತದೆ. ಕಡಿಮೆಯೇ, ಆದರೆ ಸೊನ್ನೆಯಲ್ಲ.

ಆರನೆಯದು: ದುಡ್ಡಿನಲ್ಲಿ ಅಳೆಯಲಾಗದ ಬೆಲೆ

ಕೆಲವು ಕ್ಯಾನ್ಸರ್‌ಗಳು ಎಷ್ಟು ನಿಧಾನವೆಂದರೆ, ಹುಡುಕದೆ ಬಿಟ್ಟಿದ್ದರೆ ಆ ಮನುಷ್ಯ ಬದುಕಿರುವವರೆಗೂ ಅವು ತೊಂದರೆ ಕೊಡುತ್ತಿರಲಿಲ್ಲ. ಹುಡುಕಿದ ಮೇಲೆ ಸುಮ್ಮನೆ ಬಿಡಲು ಯಾರಿಗೂ ಧೈರ್ಯ ಬರುವುದಿಲ್ಲ. ಕತ್ತರಿಸುತ್ತಾರೆ, ವಿಕಿರಣ ಕೊಡುತ್ತಾರೆ. ಇದು ಸುಳ್ಳು ಪಾಸಿಟಿವ್ ಅಲ್ಲ. ಬಯಾಪ್ಸಿಯಲ್ಲಿ ನಿಜವಾಗಿಯೂ ಕ್ಯಾನ್ಸರ್ ಎಂದೇ ಬರುತ್ತದೆ. ಆದ್ದರಿಂದಲೇ ಯಾರಿಗೆ ಬೇಡದ ಚಿಕಿತ್ಸೆಯಾಯಿತು ಎಂದು ಬೆರಳು ಮಾಡಿ ತೋರಿಸಲು ಆಗುವುದಿಲ್ಲ. ಚಿಕಿತ್ಸೆ ಪಡೆದವರೆಲ್ಲ ಸ್ಕ್ರೀನಿಂಗ್‌ನಿಂದ ತಮ್ಮ ಜೀವ ಉಳಿಯಿತೆಂದೇ ನಂಬುತ್ತಾರೆ, ಹತ್ತು ಜನಕ್ಕೆ ಹೇಳುತ್ತಾರೆ. ಪ್ರಾಮಾಣಿಕವಾಗಿಯೇ ಹೇಳುತ್ತಾರೆ.

ದಕ್ಷಿಣ ಕೊರಿಯಾದಲ್ಲಿ ಇದು ದೇಶದ ಪ್ರಮಾಣದಲ್ಲಿ ಕಾಣಿಸಿತು. 1999ರಲ್ಲಿ ಅಲ್ಲಿನ ಸರ್ಕಾರ ರಾಷ್ಟ್ರೀಯ ಕ್ಯಾನ್ಸರ್ ಸ್ಕ್ರೀನಿಂಗ್ ಶುರುಮಾಡಿತು. ಥೈರಾಯ್ಡ್ ಅದರಲ್ಲಿರಲಿಲ್ಲ, ಆದರೆ ಬಂದವರಿಗೆ ಸ್ವಲ್ಪ ಹೆಚ್ಚು ಕೊಟ್ಟರೆ ಕತ್ತಿನ ಅಲ್ಟ್ರಾಸೌಂಡ್ ಕೂಡ ಮಾಡಿಕೊಡುತ್ತಿದ್ದರು. 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆಯ ಪ್ರಮಾಣ 1993ಕ್ಕಿಂತ 15 ಪಟ್ಟಾಯಿತು, ಒಂದೇ ವರ್ಷ 40,000ಕ್ಕೂ ಹೆಚ್ಚು ಪ್ರಕರಣಗಳು. ಥೈರಾಯ್ಡ್ ಕ್ಯಾನ್ಸರ್ ಸಾವು? ಇದ್ದಲ್ಲೇ ಇತ್ತು. ಪತ್ತೆಯಾದ ಬಹುತೇಕ ಎಲ್ಲರಿಗೂ ಶಸ್ತ್ರಚಿಕಿತ್ಸೆಯಾಗಿತ್ತು. ನೂರಕ್ಕೆ ಸುಮಾರು 11 ಮಂದಿಗೆ ದೇಹದ ಕ್ಯಾಲ್ಸಿಯಂ ಹದಗೆಡುವ ತೊಂದರೆ, 2 ಮಂದಿಗೆ ಧ್ವನಿತಂತುವಿನ ಪಾರ್ಶ್ವವಾಯು ಉಳಿಯಿತು; ಹಲವರಿಗೆ ಜೀವನವಿಡೀ ಹಾರ್ಮೋನ್ ಮಾತ್ರೆ. ‘ಸ್ವಲ್ಪ ಹೆಚ್ಚು ಕೊಟ್ಟರೆ’ ಎಂಬ ಆ ಪರೀಕ್ಷೆಯ ಬೆಲೆ ಇಷ್ಟು. 2014ರಲ್ಲಿ ಈ ವಿಷಯ ಬಹಿರಂಗ ಚರ್ಚೆಗೆ ಬಂದ ಮೇಲೆ ಥೈರಾಯ್ಡ್ ಶಸ್ತ್ರಚಿಕಿತ್ಸೆಗಳು ಅಲ್ಲಿ ಒಂದೇ ವರ್ಷದಲ್ಲಿ ಮೂರನೇ ಒಂದು ಭಾಗದಷ್ಟು ಕುಸಿದವು.

ಮ್ಯಾಮೋಗ್ರಾಮ್‌ಗೂ ಈ ಬೆಲೆ ಇದೆ. ಬ್ರಿಟನ್ನಿನ ಸ್ವತಂತ್ರ ಸಮಿತಿ 2012ರಲ್ಲಿ ಕೊಟ್ಟ ಲೆಕ್ಕ: 50 ವರ್ಷದ 10,000 ಮಹಿಳೆಯರನ್ನು 20 ವರ್ಷ ಸ್ಕ್ರೀನಿಂಗ್‌ಗೆ ಕರೆದರೆ 43 ಸಾವು ತಪ್ಪುತ್ತದೆ, 129 ಮಂದಿಗೆ ಎಂದೂ ತೊಂದರೆ ಕೊಡದಿರುತ್ತಿದ್ದ ಕ್ಯಾನ್ಸರ್‌ಗೆ ಚಿಕಿತ್ಸೆಯಾಗುತ್ತದೆ. ಒಂದು ಜೀವಕ್ಕೆ ಮೂರು ಬೇಡದ ಚಿಕಿತ್ಸೆ. ಇದನ್ನು ಓದಿ ಒಬ್ಬರು ‘ಆದರೂ ಮಾಡಿಸುತ್ತೇನೆ’ ಎನ್ನಬಹುದು, ಇನ್ನೊಬ್ಬರು ‘ನನಗೆ ಬೇಡ’ ಎನ್ನಬಹುದು. ಇಬ್ಬರದೂ ವಿವೇಕದ ನಿರ್ಧಾರವೇ. ಸಂಖ್ಯೆಯನ್ನು ಮುಚ್ಚಿಟ್ಟು ಬರೀ ಗುಲಾಬಿ ರಿಬ್ಬನ್ ತೋರಿಸುವುದು ಮಾತ್ರ ನನಗೆ ಸರಿಕಾಣುವುದಿಲ್ಲ.

ಪಿಎಸ್‌ಎಯಲ್ಲಿ ಈ ತೂಕ ಇನ್ನೂ ಸೂಕ್ಷ್ಮ. ಯುರೋಪಿನ ದೊಡ್ಡ ಅಧ್ಯಯನದ 16 ವರ್ಷಗಳ ಲೆಕ್ಕದಲ್ಲಿ ಒಂದು ಸಾವು ತಪ್ಪಿಸಲು 570 ಗಂಡಸರನ್ನು ಕರೆಯಬೇಕಾಯಿತು, 18 ಮಂದಿಯಲ್ಲಿ ಹೆಚ್ಚುವರಿಯಾಗಿ ಕ್ಯಾನ್ಸರ್ ಪತ್ತೆಯಾಯಿತು. ಶಸ್ತ್ರಚಿಕಿತ್ಸೆಯಾದರೆ ಮೂತ್ರ ಹಿಡಿಯಲಾಗದಿರುವುದು, ಲೈಂಗಿಕ ಶಕ್ತಿ ಕುಂದುವುದು ಸಾಮಾನ್ಯ. ಸಮಾಧಾನದ ಸಂಗತಿಯೂ ಒಂದಿದೆ. ಬ್ರಿಟನ್ನಿನಲ್ಲಿ ಸ್ಕ್ರೀನಿಂಗ್‌ನಿಂದ ಪತ್ತೆಯಾದವರನ್ನು ಮೂರು ಗುಂಪು ಮಾಡಿ, ಒಂದಕ್ಕೆ ಶಸ್ತ್ರಚಿಕಿತ್ಸೆ, ಒಂದಕ್ಕೆ ವಿಕಿರಣ, ಒಂದಕ್ಕೆ ಬರೀ ನಿಗಾ ಇಟ್ಟು ನೋಡಿದಾಗ, 15 ವರ್ಷಗಳ ನಂತರ ಮೂರರಲ್ಲೂ ಆ ಕ್ಯಾನ್ಸರ್‌ನಿಂದ ಸತ್ತವರು ನೂರಕ್ಕೆ ಸುಮಾರು 3 ಮಾತ್ರ. ಹಾಗಾಗಿ ಪಿಎಸ್‌ಎ ಮಾಡಿಸುವ ಮೊದಲೇ ನಿಮ್ಮನ್ನು ನೀವು ಕೇಳಿಕೊಳ್ಳಿ: ಕಡಿಮೆ ಅಪಾಯದ ಕ್ಯಾನ್ಸರ್ ಸಿಕ್ಕರೆ ಕಾದು ನೋಡುವ ಮನಸ್ಥೈರ್ಯ ನನಗಿದೆಯೇ? ಮನೆಯವರಿಗಿದೆಯೇ? ಇಲ್ಲವಾದರೆ ಆ ಪರೀಕ್ಷೆಯ ಬೆಲೆ ನಿಮಗೆ ಬೇರೆಯವರಿಗಿಂತ ಹೆಚ್ಚು.

ಏಳನೆಯದು: ವೈದ್ಯರ ಮುಂದೆ ಕೂತಾಗ

ಎರಡನೇ ಹೆಜ್ಜೆಯಲ್ಲಿ ಬರೆದ ಕಾಗದ ಕೈಯಲ್ಲಿರಲಿ. ಪ್ರಶ್ನೆಗಳು ಹೆಚ್ಚು ಬೇಡ. ‘ನನ್ನಂಥ ಸಾವಿರ ಜನರಲ್ಲಿ ಇದರಿಂದ ಎಷ್ಟು ಸಾವು ತಪ್ಪುತ್ತದೆ? ಎಷ್ಟು ಮಂದಿಗೆ ಸುಳ್ಳು ಎಚ್ಚರಿಕೆ ಬರುತ್ತದೆ? ಪಾಸಿಟಿವ್ ಬಂದರೆ ಮುಂದೇನು? ಈ ವರ್ಷ ಮಾಡಿಸದಿದ್ದರೆ ಏನಾಗುತ್ತದೆ? ನನ್ನ ಸ್ಥಾನದಲ್ಲಿದ್ದರೆ ನೀವು ಮಾಡಿಸುತ್ತಿದ್ದಿರಾ?’ ಕೊನೆಯ ಪ್ರಶ್ನೆಯನ್ನು ಸಂಕೋಚವಿಲ್ಲದೆ ಕೇಳಿ, ಎಷ್ಟೋ ಸಲ ಸರಿಯಾದ ಉತ್ತರ ಬರುವುದು ಅದಕ್ಕೇ. ‘ಮಾಡಿಸಿದರೆ ನಷ್ಟವೇನು?’ ಎಂದು ಎದುರುಪ್ರಶ್ನೆ ಹಾಕುವವರಿಂದ ಹುಷಾರಾಗಿರಿ. ನಷ್ಟವೇನೆಂದು ಮೇಲೆ ನೋಡಿದೆವಲ್ಲ.

ಪರೀಕ್ಷೆ ಮಾಡುವ ಜಾಗವನ್ನೂ ವಿಚಾರಿಸಿ. ಮ್ಯಾಮೋಗ್ರಾಮ್ ಓದುವವರಿಗೆ ಅದೇ ಕೆಲಸದಲ್ಲಿ ಅನುಭವವಿದೆಯೇ, ಕೊಲೊನೊಸ್ಕೋಪಿಯಲ್ಲಿ ಪಾಲಿಪ್ ಸಿಕ್ಕರೆ ಅಲ್ಲೇ ತೆಗೆಯುತ್ತಾರೆಯೇ ಅಥವಾ ಮತ್ತೊಂದು ದಿನ ಮತ್ತೊಂದು ಬಿಲ್ಲೇ? ಹಳೆಯ ಮ್ಯಾಮೋಗ್ರಾಮ್ ಚಿತ್ರಗಳನ್ನು ಜೊತೆಗೆ ಒಯ್ಯಿರಿ. ಹೋಲಿಸಿ ನೋಡಲು ಹಳೆಯದಿದ್ದರೆ ‘ಇದು ಐದು ವರ್ಷದಿಂದ ಹೀಗೇ ಇದೆ’ ಎಂದು ಹೇಳಿ ಮುಗಿಸಬಹುದಾದದ್ದು, ಇಲ್ಲದಿದ್ದರೆ ಬಯಾಪ್ಸಿಯವರೆಗೆ ಹೋಗುತ್ತದೆ. ರಿಪೋರ್ಟ್ ಮಾತ್ರವಲ್ಲ, ಚಿತ್ರಗಳನ್ನೂ ಕೇಳಿ ಪಡೆದುಕೊಳ್ಳಿ.

ಎಂಟನೆಯದು: ಎಷ್ಟಕ್ಕೊಮ್ಮೆ, ಎಲ್ಲಿಯವರೆಗೆ

ಎಚ್‌ಪಿವಿ ನೆಗೆಟಿವ್ ಬಂದವರು ಮರುವರ್ಷವೇ ಮತ್ತೆ ಮಾಡಿಸಿದರೆ ರಕ್ಷಣೆ ಹೆಚ್ಚುವುದಿಲ್ಲ, ಸುಳ್ಳು ಎಚ್ಚರಿಕೆಯ ಸಾಧ್ಯತೆ ಹೆಚ್ಚುತ್ತದೆ. ಅಮೆರಿಕದ ಅಧ್ಯಯನಗಳಂತೆ 10 ವರ್ಷ ಪ್ರತಿ ವರ್ಷ ಮ್ಯಾಮೋಗ್ರಾಮ್ ಮಾಡಿಸಿದ ಮಹಿಳೆಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಒಮ್ಮೆಯಾದರೂ ಸುಳ್ಳು ಪಾಸಿಟಿವ್ ಬರುತ್ತದೆ. ಎರಡು ವರ್ಷಕ್ಕೊಮ್ಮೆಯಾದರೆ ಗಣನೀಯವಾಗಿ ಕಡಿಮೆ. ‘ವಾರ್ಷಿಕ ತಪಾಸಣೆ’ ಎಂಬುದು ಕಂಪನಿಗಳ ಕ್ಯಾಲೆಂಡರ್‌ಗೆ ಹೊಂದುವ ಲೆಕ್ಕ, ಕ್ಯಾನ್ಸರ್ ಬೆಳೆಯುವ ವೇಗಕ್ಕೆ ಹೊಂದುವ ಲೆಕ್ಕವಲ್ಲ.

ನಿಲ್ಲಿಸುವ ವಯಸ್ಸನ್ನೂ ಯೋಚಿಸಬೇಕು, ಮನೆಯ ಹಿರಿಯರ ವಿಷಯದಲ್ಲಿ ಮುಖ್ಯವಾಗಿ. ಸ್ಕ್ರೀನಿಂಗ್‌ನ ಕಷ್ಟ ಇವತ್ತೇ ಬರುತ್ತದೆ, ಲಾಭ ಬರಲು ಸುಮಾರು 10 ವರ್ಷ ಬೇಕು. ಹೃದಯದ ತೊಂದರೆಯೋ ಮರೆವಿನ ಕಾಯಿಲೆಯೋ ಇರುವ 82ರ ತಂದೆಯವರಿಗೆ ಪ್ರೀತಿಯಿಂದ ‘ಫುಲ್ ಬಾಡಿ ಚೆಕಪ್’ ಮಾಡಿಸಿದರೆ, ಅದರ ನೋವಷ್ಟೇ ಅವರ ಪಾಲಿಗೆ ಬರುತ್ತದೆ. ಅದೇ ದುಡ್ಡಿನಲ್ಲಿ ಕಣ್ಣಿನ ಪೊರೆ ತೆಗೆಸುವುದು, ಕಿವಿಯಂತ್ರ ಕೊಡಿಸುವುದು, ಜಾರಿ ಬೀಳದಂತೆ ಬಚ್ಚಲಿಗೆ ಹಿಡಿಕೆ ಹಾಕಿಸುವುದು ಅವರ ದಿನಗಳನ್ನು ಹೆಚ್ಚು ಹಗುರ ಮಾಡುತ್ತದೆ.

ಕೊನೆಗೆ: ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ

ಬಹುತೇಕ ಮನೆಗಳ ನಿಜವಾದ ಪ್ರಶ್ನೆ ಇದು. ಇಬ್ಬರು ದುಡಿಯುವ, ಇಬ್ಬರು ಹಿರಿಯರಿರುವ ಮನೆಯಲ್ಲಿ ಎಲ್ಲರಿಗೂ ಎಲ್ಲವನ್ನೂ ಮಾಡಿಸಲಾಗದು. ನಾನಾದರೆ ಈ ಕ್ರಮ ಹಿಡಿಯುತ್ತೇನೆ. ತಂಬಾಕು ಬಿಡಿಸುವುದು ಎಲ್ಲಕ್ಕಿಂತ ಮೊದಲು. ಅದಕ್ಕೆ ಬೇಕಾಗುವ ಮಾತ್ರೆ, ಪ್ಯಾಚ್, ಆಪ್ತಸಲಹೆಗೆ ಖರ್ಚು ಮಾಡಿದ ದುಡ್ಡಿಗೆ ಸಿಗುವ ಪ್ರತಿಫಲವನ್ನು ಯಾವ ಸ್ಕ್ಯಾನೂ ಕೊಡದು. ಮನೆಯಲ್ಲಿ 9ರಿಂದ 14ರ ಹೆಣ್ಣುಮಕ್ಕಳಿದ್ದರೆ ಎಚ್‌ಪಿವಿ ಲಸಿಕೆ. ಆಮೇಲೆ 30 ದಾಟಿದ ಹೆಂಗಸರಿಗೆ ಎಚ್‌ಪಿವಿ ಪರೀಕ್ಷೆ, ಹತ್ತು ವರ್ಷಕ್ಕೊಮ್ಮೆಯಾದರೂ ಸರಿ. ತಂಬಾಕು ಬಳಸುವವರಿಗೆ ಬಾಯಿ ತಪಾಸಣೆ. ದಂತವೈದ್ಯರ ಬಳಿ ಹೋದಾಗ ನಾಲಿಗೆಯ ಕೆಳಗೆ, ಕೆನ್ನೆಯ ಒಳಭಾಗವನ್ನೂ ನೋಡಲು ಹೇಳಿದರೆ ಸಾಕು. ನಂತರ 45 ದಾಟಿದವರಿಗೆ ಫಿಟ್, ಆಮೇಲೆ ಮ್ಯಾಮೋಗ್ರಾಮ್. ಸರ್ಕಾರಿ ಕಾರ್ಯಕ್ರಮದಲ್ಲಿ ಇವುಗಳಲ್ಲಿ ಯಾವುದು ಉಚಿತವಾಗಿ ಸಿಗುತ್ತದೆ ಎಂದು ಮೊದಲು ವಿಚಾರಿಸಿ. ಅಲ್ಲಿ ಸಿಗುವುದಕ್ಕೆ ಹೊರಗೆ ದುಡ್ಡು ಕಟ್ಟಬೇಕಿಲ್ಲ.

ಪ್ಯಾಕೇಜ್ ಬಿಟ್ಟಾಗ ಉಳಿದ ದುಡ್ಡನ್ನು ಪಾಸಿಟಿವ್ ಬಂದರೆ ಬೇಕಾಗುವ 20 ಪಾಲಿಗೆಂದು ಪ್ರತ್ಯೇಕವಾಗಿ ತೆಗೆದಿಡಿ. ಮುಂದಿನ ಪರೀಕ್ಷೆ ಯಾರಿಗೆ, ಯಾವುದು, ಯಾವ ವರ್ಷ ಎಂದು ಆ ಕಾಗದದ ಹಿಂಬದಿಯಲ್ಲೇ ಬರೆದು ಮನೆಯ ಫೈಲಿಗೆ ಸೇರಿಸಿ.